ಡಿಕ್ಕಿ ಬಾಗಿಲಿನ ಸ್ಪಿಂಡಲ್ ಡ್ರೈವ್ ಕೈಕೊಟ್ಟಾಗ: ಮೋಟಾರಿಗೆ ಮುಂಚೆ ಎರಡು ತುದಿ ನೋಡಿ

ಬಟನ್ ಒತ್ತಿದರೆ ತಾನಾಗಿ ಏಳುವ ಡಿಕ್ಕಿ ಬಾಗಿಲು ಈಗ ನಮ್ಮ ರಸ್ತೆಗಳಲ್ಲಿ ಅಪರೂಪವೇನಲ್ಲ. ಇನ್ನೋವಾ ಹೈಕ್ರಾಸ್, ಹ್ಯಾರಿಯರ್, ಹೆಕ್ಟರ್, ಫಾರ್ಚೂನರ್ ತರದ ಗಾಡಿಗಳ ದುಬಾರಿ ಮಾದರಿಗಳಲ್ಲಿ ಇದು ಬರುತ್ತದೆ. ವಾರಂಟಿ ಮುಗಿದ ಇಂಥ ಗಾಡಿಗಳು ಈಗ ಸಣ್ಣ ಗ್ಯಾರೇಜುಗಳಿಗೂ ಬರತೊಡಗಿವೆ. ದೂರು ಏನೇ ಇರಲಿ, ಮಾಲೀಕರಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಎರಡೂ ಕಡೆಯ ಮೋಟಾರ್ ರಾಡ್ ಹೋಗಿದೆ, ಹೊಸದು ಹಾಕಬೇಕು." ಬೆಲೆ ಕೇಳಿದವರು ಬಟನ್ನಿನ ಆಸೆಯನ್ನೇ ಬಿಟ್ಟು ಕೈಯಲ್ಲೇ ಎತ್ತಿ ಇಳಿಸುತ್ತಾರೆ.

ನಾನು ಪರೀಕ್ಷಿಸಿ ನೋಡಿದವುಗಳಲ್ಲಿ ಮೋಟಾರ್ ನಿಜಕ್ಕೂ ಸುಟ್ಟಿದ್ದು ಕಡಿಮೆ. ತೊಂದರೆ ಜಾಸ್ತಿ ಸಿಗುವುದು ಈ ರಾಡ್, ಅಂದರೆ ಸ್ಪಿಂಡಲ್ ಡ್ರೈವ್, ಓಲಾಡುವ ಎರಡು ತುದಿಗಳಲ್ಲಿ. ಆಮೇಲೆ ಅಲ್ಲಿಗೆ ಬರುವ ವೈರಿನಲ್ಲಿ, ಆಮೇಲೆ ಸ್ಪ್ರಿಂಗಿನಲ್ಲಿ. ಇದು ಕಾಕತಾಳೀಯ ಅಲ್ಲ. ಈ ಡ್ರೈವನ್ನು ಚಿಕ್ಕ ಜಾಗದಲ್ಲಿ ಕೂರಿಸಲು ವಿನ್ಯಾಸಕಾರರು ಏನು ಬಿಟ್ಟುಕೊಟ್ಟಿದ್ದಾರೆ ಅಂತ ಗೊತ್ತಾದರೆ, ದೋಷ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ಮೊದಲು ಒಳಗಿನ ಕತೆ, ಆಮೇಲೆ ಪರೀಕ್ಷೆ.

ಒಳಗೆ ಏನಿದೆ

ಹೊರಗಿನಿಂದ ನೋಡಿದರೆ ಹಳೆಯ ಗ್ಯಾಸ್ ಶಾಕ್ ಹಾಗೇ ಕಾಣುತ್ತದೆ, ಸ್ವಲ್ಪ ದಪ್ಪ ಅಷ್ಟೇ. ಒಳಗೆ ಒಂದು ತುದಿಯಲ್ಲಿ 12 ವೋಲ್ಟಿನ ಸಣ್ಣ ಮೋಟಾರ್, ಅದರ ಮುಂದೆ ಪ್ಲಾನೆಟರಿ ಗೇರ್, ಅದರ ಮುಂದೆ ಉದ್ದನೆಯ ಮರೆಯುಳ್ಳ (ಸ್ಕ್ರೂವಿನ ಹಾಗೆ ಸುತ್ತುಗೆರೆ ಕೊರೆದ) ಸ್ಪಿಂಡಲ್. ಸ್ಪಿಂಡಲ್ ತಿರುಗಿದರೆ ಅದರ ಮೇಲಿನ ನಟ್ ಮುಂದೆ ಹಿಂದೆ ಸರಿಯುತ್ತದೆ. ನಟ್ಟಿಗೆ ಒಂದು ಕೊಳವೆ ಸೇರಿದೆ, ಆ ಕೊಳವೆ ಇನ್ನೊಂದು ಕೊಳವೆಯೊಳಗೆ ಜಾರುತ್ತದೆ. ಇಷ್ಟಕ್ಕೂ ಸುತ್ತ ಒಂದು ಉದ್ದನೆಯ ಕಾಯಿಲ್ ಸ್ಪ್ರಿಂಗ್. ಎರಡೂ ತುದಿಯಲ್ಲಿ ಬಾಲ್ ಸಾಕೆಟ್, ಅಂದರೆ ಒಂದು ಗುಂಡು, ಅದರ ಮೇಲೆ ತಿರುಗುವ ಬಟ್ಟಲು. ಒಂದು ತುದಿ ಗಾಡಿಯ ಬಾಡಿಗೆ, ಇನ್ನೊಂದು ಬಾಗಿಲಿಗೆ.

ಮೋಟಾರಿನ ಹಿಂಬದಿಯಲ್ಲಿ ಒಂದು ಸಣ್ಣ ಅಯಸ್ಕಾಂತದ ಉಂಗುರ ತಿರುಗುತ್ತದೆ. ಎದುರಿಗೆ ಎರಡು ಹಾಲ್ ಸೆನ್ಸರ್ (ಅಯಸ್ಕಾಂತ ಹಾದುಹೋದದ್ದನ್ನು ತಿಳಿಸುವ ಸೆನ್ಸರ್). ಎರಡರ ಸಿಗ್ನಲ್ ಒಂದಕ್ಕೊಂದು ಕಾಲು ಸುತ್ತು ಹಿಂದೆ ಮುಂದೆ ಇರುತ್ತದೆ. ಹಾಗಾಗಿ ಯಾವುದು ಮೊದಲು ಬಂತು ಎಂದು ನೋಡಿ ಕಂಟ್ರೋಲ್ ಯೂನಿಟ್ ದಿಕ್ಕು ತಿಳಿಯುತ್ತದೆ, ಎಣಿಸಿ ಬಾಗಿಲು ಎಲ್ಲಿದೆ ಎಂದು ತಿಳಿಯುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸ್ಪಿಂಡಲ್ ಒಂದು ಸುತ್ತಿಗೆ ನಟ್ 12 ಮಿ.ಮೀ. ಸರಿಯುತ್ತದೆ, ಗೇರ್ 15ಕ್ಕೆ 1. ಡ್ರೈವ್ ಒಟ್ಟು 300 ಮಿ.ಮೀ. ಚಾಚಬೇಕು ಅಂದರೆ ಸ್ಪಿಂಡಲ್ 25 ಸುತ್ತು, ಮೋಟಾರ್ 375 ಸುತ್ತು. ಇದನ್ನು 6 ಸೆಕೆಂಡಿನಲ್ಲಿ ಮುಗಿಸಲು ಮೋಟಾರ್ ನಿಮಿಷಕ್ಕೆ 3,750 ಸುತ್ತು ತಿರುಗಬೇಕು. ಮೋಟಾರಿನ ಒಂದು ಸುತ್ತಿಗೆ ಬಾಗಿಲು ಕಡೆ ಬರೀ 0.8 ಮಿ.ಮೀ. ಚಲನೆ. ಎಣಿಕೆ ಎಷ್ಟು ನಾಜೂಕು ಅಂತ ಇದರಲ್ಲೇ ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯ. ಜಾಕಿನ ಸ್ಕ್ರೂ ಹಿಂದಕ್ಕೆ ತಾನಾಗಿ ತಿರುಗುವುದಿಲ್ಲ, ಮರೆ ಅಷ್ಟು ಚಪ್ಪಟೆ. ಇಲ್ಲಿ ಮರೆಯ ಇಳಿಜಾರು ಕಡಿದು. 10 ಮಿ.ಮೀ. ದಪ್ಪದ ಸ್ಪಿಂಡಲ್ಲಿಗೆ ಸುತ್ತಿಗೆ 12 ಮಿ.ಮೀ. ಅಂದರೆ ಸುಮಾರು 21 ಡಿಗ್ರಿ. ಹಾಗಾಗಿ ಬಾಗಿಲನ್ನು ಕೈಯಲ್ಲಿ ತಳ್ಳಿದರೆ ಸ್ಪಿಂಡಲ್, ಗೇರ್, ಮೋಟಾರ್ ಎಲ್ಲವೂ ಹಿಂದಕ್ಕೆ ತಿರುಗುತ್ತವೆ. ಕರೆಂಟ್ ಹೋದಾಗ ಕೈಯಲ್ಲಿ ತೆರೆಯಲು ಇದು ಬೇಕೇ ಬೇಕು. ಆದರೆ ಇದರ ಅರ್ಥ ಬಾಗಿಲು ಅರ್ಧದಲ್ಲಿ ನಿಂತಾಗ ಅದನ್ನು ಹಿಡಿದಿರುವುದು ಮರೆ ಅಲ್ಲ. ಸ್ಪ್ರಿಂಗ್ ಮತ್ತು ಘರ್ಷಣೆ. ಬಹಳಷ್ಟು ಡ್ರೈವ್‌ಗಳಲ್ಲಿ ಅದಕ್ಕೆಂದೇ ಒಂದು ಸಣ್ಣ ಘರ್ಷಣೆ ಬ್ರೇಕ್ ಇರುತ್ತದೆ.

ತೋಳು ಚಿಕ್ಕದಾದರೆ ಬಲ ಜಾಸ್ತಿ

30 ಕೆಜಿ ತೂಗುವ ಒಂದು ಬಾಗಿಲು. ಅದರ ತೂಕದ ಕೇಂದ್ರ ಹಿಂಜಿನಿಂದ 0.6 ಮೀಟರ್ ದೂರ. ಬಾಗಿಲು ಅಡ್ಡವಾಗಿ ಎದ್ದು ನಿಂತಾಗ ಅದು ಕೆಳಕ್ಕೆ ಎಳೆಯುವ ಟಾರ್ಕ್ ಸುಮಾರು 177 ನ್ಯೂಟನ್ ಮೀಟರ್. ಡ್ರೈವ್ ತಳ್ಳುವ ಗೆರೆಗೆ ಹಿಂಜಿನಿಂದ ಇರುವ ಲಂಬ ದೂರವನ್ನು ತೋಳು ಎಂದು ಕರೆಯೋಣ. ಈ ಸ್ಥಿತಿಯಲ್ಲಿ ಅದು 180 ಮಿ.ಮೀ. ಇದ್ದರೆ ಒಟ್ಟು 980 ನ್ಯೂಟನ್ ಬೇಕು, ಒಂದೊಂದು ಡ್ರೈವಿಗೆ 490.

ಈಗ ಬಾಗಿಲು ಮುಚ್ಚಿದೆ. ತೂಕದ ಕೇಂದ್ರ ಅಡ್ಡಲಾಗಿ ಹಿಂಜಿಗೆ ಬರೀ 0.25 ಮೀಟರ್ ದೂರಕ್ಕೆ ಬಂದಿದೆ, ಟಾರ್ಕ್ 74ಕ್ಕೆ ಇಳಿದಿದೆ. ಸುಲಭ ಆಗಬೇಕಿತ್ತು ಅಲ್ವಾ? ಇಲ್ಲ. ಡ್ರೈವ್ ಈಗ ಮಡಚಿಕೊಂಡು ಬಾಡಿಯ ಅಂಚಿನ ಕಾಲುವೆಯಲ್ಲಿ ಹಿಂಜಿನ ಕಡೆಗೇ ತಿರುಗಿ ಮಲಗಿದೆ. ತೋಳು 60 ಮಿ.ಮೀ. ಆಗಿದೆ. ಬೇಕಾಗುವ ಬಲ 1,220 ನ್ಯೂಟನ್ ದಾಟುತ್ತದೆ, ಒಂದೊಂದಕ್ಕೆ 610ರ ಆಚೆ. ಮನೆ ಬಾಗಿಲನ್ನು ಹಿಂಜಿನ ಪಕ್ಕದಲ್ಲಿ ಕೈಯಿಟ್ಟು ತಳ್ಳಿದ ಹಾಗೆ.

ಡ್ರೈವ್ ಚಿಕ್ಕದಾಗಬೇಕು, ಡಿಕ್ಕಿಯ ಜಾಗ ತಿನ್ನಬಾರದು, ಗಾಜಿಗೆ ಅಡ್ಡ ಬರಬಾರದು ಎಂದರೆ ಅದನ್ನು ಹಿಂಜಿನ ಹತ್ತಿರಕ್ಕೇ ತಳ್ಳಬೇಕು. ತೋಳು ಕಡಿಮೆ ಆಯಿತು, ಬಲ ಏರಿತು. ಅಷ್ಟೂ ಬಲ ಹಾದುಹೋಗುವುದು ಎರಡು ಗುಂಡುಗಳ ಮೂಲಕ. ಗುಂಡಿನ ಅಗಲ ಸಾಮಾನ್ಯವಾಗಿ 10 ಮಿ.ಮೀ. ಅಷ್ಟೇ.

ಬಾಗಿಲು ಏಳುತ್ತಾ ಡ್ರೈವ್ ಈ ಗುಂಡಿನ ಮೇಲೆ ಓಲಾಡಬೇಕು. ಗ್ರೀಸ್ ಇದ್ದರೆ ಸಲೀಸು. 600 ನ್ಯೂಟನ್ ಬಲ, ಗುಂಡಿನ ತ್ರಿಜ್ಯ 5 ಮಿ.ಮೀ., ಘರ್ಷಣೆ ಗುಣಾಂಕ 0.1 ಎಂದರೆ ಓಲಾಟಕ್ಕೆ ಎದುರಾಗುವ ಟಾರ್ಕ್ 0.3 ನ್ಯೂಟನ್ ಮೀಟರ್. ಗುಂಡು ತುಕ್ಕು ಹಿಡಿದು ಗುಣಾಂಕ 0.4 ಆದರೆ ಅದು 1.2. ಸಾಕೆಟ್ ತಿರುಗಲು ಒಪ್ಪದಿದ್ದರೆ ಡ್ರೈವ್ ಬಾಗಲು ನೋಡುತ್ತದೆ. ಒಳಗಿನ ಎರಡು ಕೊಳವೆ ಒಂದರೊಳಗೊಂದು 60 ಮಿ.ಮೀ. ಮಾತ್ರ ಕೂತಿದ್ದರೆ, ಅವು ಒಂದನ್ನೊಂದು 5 ನ್ಯೂಟನ್ ಬದಲು 20 ನ್ಯೂಟನ್ ಬಲದಲ್ಲಿ ಅಡ್ಡಕ್ಕೆ ಒತ್ತುತ್ತವೆ. ದಿನಾ ಹೀಗೇ ಉಜ್ಜಿ ಉಜ್ಜಿ ಒಳಗಿನ ಪ್ಲಾಸ್ಟಿಕ್ ಗೈಡ್ ಸವೆಯುತ್ತದೆ. ಆಮೇಲೆ ಕೇಳುವ ಕಿರುಗುಟ್ಟುವಿಕೆಗೆ ಜನ ಮೋಟಾರನ್ನು ಬೈಯುತ್ತಾರೆ. ಶುರುವಾಗಿದ್ದು ಒಂದು ಒಣಗಿದ ಗುಂಡಿನಿಂದ.

ಕೈ ಹಾಕುವ ಮೊದಲು

ಡ್ರೈವನ್ನು ಎಂದೂ ಕತ್ತರಿಸಿ ಬಿಚ್ಚಲು ಹೋಗಬೇಡಿ. ಒಳಗಿನ ಸ್ಪ್ರಿಂಗ್ ಪೂರ್ತಿ ಚಾಚಿದಾಗಲೂ ಒತ್ತಡದಲ್ಲೇ ಇರುತ್ತದೆ. ಕೊಳವೆ ಬಿಚ್ಚಿಕೊಂಡರೆ ಅದು ಹಾರುತ್ತದೆ, ಎದುರಿಗಿದ್ದವರ ಮುಖ ಮೂಳೆ ಉಳಿಯುವುದಿಲ್ಲ. ಒಳಗಿನ ಭಾಗ ಹಾಳಾಗಿದೆ ಎಂದು ಖಾತ್ರಿಯಾದರೆ ಪೂರ್ತಿ ಡ್ರೈವನ್ನೇ ಬದಲಿಸಬೇಕು.

ಸಾಕೆಟ್ ಕಳಚುವಾಗ ಬಾಗಿಲು ಪೂರ್ತಿ ತೆರೆದಿರಲಿ. ಕೆಳಗೆ ಗಟ್ಟಿ ಮರದ ಊರೆ (ಆಸರೆ ಕಂಬ) ಕೊಡಿ, ಜೊತೆಗೆ ಒಬ್ಬರು ಹಿಡಿದು ನಿಂತಿರಲಿ. ಒಂದು ಕಡೆ ಕಳಚಿದ ಕೂಡಲೇ ಬಾಗಿಲು ತಿರುಚುತ್ತದೆ, ಎರಡೂ ಕಳಚಿದರೆ 30 ಕೆಜಿ ತಲೆ ಮೇಲೆ. ಸಾಕೆಟ್ಟಿನ ಸ್ಪ್ರಿಂಗ್ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಸ್ವಲ್ಪವೇ ಎತ್ತಿ, ಪೂರ್ತಿ ಹೊರಗೆ ಎಳೆಯಬೇಡಿ. ಬಾಗಿದ ಕ್ಲಿಪ್ಪನ್ನು ಮತ್ತೆ ಹಾಕಲೂಬೇಡಿ.

ಲಗೇಜ್ ತ್ರಾಸಿನ ಪರೀಕ್ಷೆ

ಸ್ಕ್ಯಾನರ್ ಹಚ್ಚುವ ಮೊದಲು ನಾನು ತೆಗೆಯುವುದು ಬ್ಯಾಗ್ ತೂಗುವ ಕೊಕ್ಕೆ ತ್ರಾಸು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಸ್ಪ್ರಿಂಗ್ ಸೋತಿದೆಯೋ, ಎಲ್ಲೋ ಬಿಗಿ ಹಿಡಿದಿದೆಯೋ ಎನ್ನುವ ಎರಡು ಬೇರೆ ಬೇರೆ ರೋಗಗಳನ್ನು ಇದು ಬಿಡಿಸಿ ತೋರಿಸುತ್ತದೆ. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ: ಬಾಗಿಲು ಏಳಲು ತಿಣುಕುತ್ತದೆ.

ಎರಡೂ ಡ್ರೈವ್‌ಗಳ ಕನೆಕ್ಟರ್ ಕಳಚಿ. ಬಾಗಿಲನ್ನು ಕೈಯಲ್ಲಿ ಅರ್ಧಕ್ಕೆ ತನ್ನಿ. ಲಾಕ್ ಇರುವ ತುದಿಗೆ ಒಂದು ಗಟ್ಟಿ ಪಟ್ಟಿ ಕಟ್ಟಿ, ಪೇಂಟಿಗೆ ಗೀರು ಬೀಳದಂತೆ ಬಟ್ಟೆ ಇಡಿ. ಪಟ್ಟಿಗೆ ತ್ರಾಸು ಸಿಕ್ಕಿಸಿ, ಬಾಗಿಲಿಗೆ ನೇರ ಲಂಬವಾಗಿ ನಿಧಾನ ಮೇಲಕ್ಕೆ ಎಳೆಯಿರಿ. ಬಾಗಿಲು ಸರಿಯುತ್ತಿರುವಾಗ ತ್ರಾಸು ತೋರಿಸುವುದನ್ನು ಬರೆದುಕೊಳ್ಳಿ, ಹೊರಡುವ ಕ್ಷಣದ ಅಂಕಿ ಬೇಡ. ಆಮೇಲೆ ಅದೇ ಜಾಗದಲ್ಲಿ ಕೆಳಕ್ಕೆ ಎಳೆದು ಬರೆದುಕೊಳ್ಳಿ.

ಮೇಲಕ್ಕೆ 7 ಕೆಜಿ, ಕೆಳಕ್ಕೆ 3 ಕೆಜಿ ಬಂತು ಅನ್ನಿ. ಎರಡರ ಮೊತ್ತದ ಅರ್ಧ 5. ಅದು ಘರ್ಷಣೆ. ವ್ಯತ್ಯಾಸದ ಅರ್ಧ 2. ಸ್ಪ್ರಿಂಗ್ ಹೊತ್ತು ಉಳಿದ ಬಾಗಿಲಿನ ಭಾರ ಅಷ್ಟು. ಘರ್ಷಣೆ 5, ಭಾರ 2, ಹಾಗಾಗಿ ಬಿಟ್ಟ ಜಾಗದಲ್ಲಿ ಬಾಗಿಲು ನಿಲ್ಲುತ್ತದೆ. ಈ ಬಾಗಿಲು ಸರಿಯಾಗಿದೆ.

ಇನ್ನೊಂದು ಗಾಡಿಯಲ್ಲಿ ಮೇಲಕ್ಕೆ 9, ಕೆಳಕ್ಕೆ 1. ಘರ್ಷಣೆ ಅದೇ 5. ಭಾರ ಮಾತ್ರ 4ಕ್ಕೆ ಏರಿದೆ. ಇದು ಸ್ಪ್ರಿಂಗ್ ಸೋತ ಲಕ್ಷಣ, ಅಥವಾ ಬಾಗಿಲಿಗೆ ಯಾರೋ ಏನನ್ನೋ ಹೊರಿಸಿದ್ದಾರೆ. ಮೂರನೆಯದರಲ್ಲಿ ಮೇಲಕ್ಕೆ 11, ಕೆಳಕ್ಕೆ 7. ಭಾರ 2, ಸ್ಪ್ರಿಂಗ್ ಚೆನ್ನಾಗಿದೆ. ಘರ್ಷಣೆ 9 ಆಗಿದೆ. ಎಲ್ಲೋ ಬಿಗಿ ಹಿಡಿದಿದೆ. ಗುಂಡು, ಗೈಡ್, ಹಿಂಜ್ ಮೂರರಲ್ಲಿ ಒಂದು. ಎರಡನೆಯದಕ್ಕೂ ಮೂರನೆಯದಕ್ಕೂ ಮದ್ದು ಪೂರ್ತಿ ಬೇರೆ. ಮೇಲಕ್ಕೆ ಎತ್ತಿ ಮಾತ್ರ ನೋಡಿದವರಿಗೆ ಎರಡೂ "ಭಾರ ಆಗಿದೆ" ಅನ್ನಿಸುತ್ತದೆ.

ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಒಂದು ಡ್ರೈವ್ 490 ನ್ಯೂಟನ್ ಕೊಡುತ್ತಿತ್ತು, ಅಂದರೆ 88 ನ್ಯೂಟನ್ ಮೀಟರ್. ಲಾಕ್ ಇರುವ ತುದಿ ಹಿಂಜಿನಿಂದ 1.1 ಮೀಟರ್ ದೂರ ಇದ್ದರೆ ತ್ರಾಸಿನಲ್ಲಿ ಇದು ಸುಮಾರು 8 ಕೆಜಿ. ನಿಮ್ಮ ಗಾಡಿಯಲ್ಲಿ ಭಾರ ಇರಬೇಕಾದದ್ದಕ್ಕಿಂತ ಹತ್ತಿರ ಹತ್ತಿರ 8 ಕೆಜಿಯಷ್ಟು ಏರಿದೆ ಎಂದರೆ ಒಂದು ಕಡೆಯ ಸ್ಪ್ರಿಂಗ್ ಸಂಪೂರ್ಣ ಕೈಬಿಟ್ಟಿದೆ. 3, 4 ಕೆಜಿಯಷ್ಟು ಏರಿದೆ ಎಂದರೆ ಸ್ಪ್ರಿಂಗ್ ತುಂಡಾಗಿ ಸುರುಳಿಗಳು ಒಂದರೊಳಗೊಂದು ಕೂತಿರಬಹುದು.

ಬಾಗಿಲು ತಾನೇ ಕೆಳಗಿಳಿಯುತ್ತಿದೆ

ಈ ದೂರಿಗೆ ತ್ರಾಸಿನ ಲೆಕ್ಕವೇ ಉತ್ತರ. ಭಾರ ಘರ್ಷಣೆಯನ್ನು ಮೀರಿದೆ. ಆದರೆ ಸ್ಪ್ರಿಂಗ್ ಬೈಯುವ ಮೊದಲು ಬಾಗಿಲಿನ ಮೇಲೆ ಏನಿದೆ ನೋಡಿ. ಲಾಕಿನ ತುದಿಯ ಹತ್ತಿರ ಹಾಕಿಸಿದ 2 ಕೆಜಿಯ ಗಾರ್ಡ್ ಕೂಡ ಸುಮಾರು 20 ನ್ಯೂಟನ್ ಮೀಟರ್ ಸೇರಿಸುತ್ತದೆ. ಮೇಲೆ ಹಿಂಜಿನ ಪಕ್ಕ ಹಾಕಿದ ಸ್ಪಾಯ್ಲರಿನ ಲೆಕ್ಕ ಅಷ್ಟಿಲ್ಲ. ಸೈಕಲ್ ಕ್ಯಾರಿಯರ್ ಕಟ್ಟಿಕೊಂಡು ಪವರ್ ಬಾಗಿಲು ಬಳಸುವುದಂತೂ ಬೇಡವೇ ಬೇಡ.

ಭಾರ ಸರಿಯಿದ್ದು ಘರ್ಷಣೆ 5 ಇರಬೇಕಾದದ್ದು 1, 2ಕ್ಕೆ ಇಳಿದಿದ್ದರೆ ಒಳಗಿನ ಬ್ರೇಕ್ ಸವೆದಿದೆ. ಘರ್ಷಣೆ ಕಡಿಮೆಯಾದರೆ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಈ ಯಂತ್ರಕ್ಕೆ ಅದು ಬೇಕು. ಅಷ್ಟು ಘರ್ಷಣೆ ಇಲ್ಲದಿದ್ದರೆ ಬಾಗಿಲು ಎಲ್ಲಿಯೂ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಪರೀಕ್ಷಿಸಬೇಡಿ, ಸಮತಟ್ಟು ನೆಲ ಬೇಕು.

ಮಾಲೀಕರಿಗೆ ಒಂದು ಮಾತು: ಇಳಿಯುವ ಬಾಗಿಲಿನ ಕೆಳಗೆ ನಿಂತು ಸಾಮಾನು ತೆಗೆಯಬೇಡಿ. ಮಕ್ಕಳನ್ನಂತೂ ಹತ್ತಿರ ಬಿಡಬೇಡಿ. ಬಾಗಿಲು ಸರಿ ಮಾಡಿಸುವವರೆಗೆ ಊರೆ ಇಟ್ಟುಕೊಂಡಿರಿ.

ಸ್ವಲ್ಪ ಎದ್ದು ನಿಲ್ಲುತ್ತದೆ, ಅಥವಾ ವಾಪಸ್ ಬರುತ್ತದೆ

ಅತಿ ಹೆಚ್ಚು ಬರುವ ದೂರು ಇದೇ. ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ. ಬಾಗಿಲು ಅಂಗೈ ಅಗಲ ಎದ್ದು ನಿಲ್ಲುತ್ತದೆ. ಯಾಕೆ ಅಲ್ಲೇ? ತೋಳು ಅತಿ ಚಿಕ್ಕದಿರುವ, ಬಲ ಅತಿ ಜಾಸ್ತಿ ಬೇಕಿರುವ ಜಾಗ ಅದು. ಎಲ್ಲೇ ಸಣ್ಣ ಕೊರತೆ ಇದ್ದರೂ ಮೊದಲು ಅಲ್ಲಿ ಬಯಲಾಗುತ್ತದೆ. ವೇಗ ಕುಸಿದರೆ ಕಂಟ್ರೋಲ್ ಯೂನಿಟ್ ಅದನ್ನು "ಏನೋ ಅಡ್ಡ ಇದೆ" ಎಂದು ಓದಿಕೊಂಡು ನಿಲ್ಲಿಸುತ್ತದೆ, ಇಲ್ಲವೇ ಹಿಂದಿರುಗಿಸುತ್ತದೆ. ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ.

ಮೊದಲು ಬ್ಯಾಟರಿ. ನಿಂತ ಗಾಡಿಯಲ್ಲಿ 12.4 ವೋಲ್ಟಿಗಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ ಮತ್ತೆ ನೋಡಿ. ಎಂಜಿನ್ ಓಡುವಾಗ ಬಾಗಿಲು ಸಲೀಸಾಗಿ ಎದ್ದು, ನಿಲ್ಲಿಸಿದಾಗ ತಿಣುಕಿದರೆ ಉತ್ತರ ಅಲ್ಲೇ ಸಿಕ್ಕಿತು. ಬ್ಯಾಟರಿ ಸರಿಯಿದ್ದರೆ ಬಾಗಿಲು ಓಡುತ್ತಿರುವಾಗಲೇ ಡ್ರೈವಿನ ಕನೆಕ್ಟರ್ ಹಿಂಬದಿಯಿಂದ ಮೋಟಾರ್ ವೈರಿನ ವೋಲ್ಟೇಜ್ ಅಳೆಯಿರಿ. ಖಾಲಿ ಇರುವಾಗ ಅಳೆದರೆ ಏನೂ ತಿಳಿಯುವುದಿಲ್ಲ. ಒಂದು ಹಸಿರು ಹಿಡಿದ ಪಿನ್ 0.05 ಓಮ್ ತಡೆ ಕೊಟ್ಟರೂ 15 ಆಂಪಿಯರ್ ಹರಿಯುವಾಗ 0.75 ವೋಲ್ಟ್ ಅಲ್ಲೇ ಉಳಿದುಬಿಡುತ್ತದೆ. ಇನ್ನು ಕೆಲವು ಯೂನಿಟ್‌ಗಳು ವೇಗ ಹಿಡಿತದಲ್ಲಿಡಲು ವೋಲ್ಟೇಜನ್ನು ಪಲ್ಸ್ ಮಾಡಿ ಕಳಿಸುತ್ತವೆ. ಮಲ್ಟಿಮೀಟರ್ ಆಗ ಸರಾಸರಿ ತೋರಿಸುತ್ತದೆ. ಹಾಗಾಗಿ ಎಡ ಬಲ ಎರಡನ್ನೂ ಹೋಲಿಸುವುದೇ ಸರಿ.

ಆಮೇಲೆ ಹಾಲ್ ಸಿಗ್ನಲ್. ಮೋಟಾರಿಗೆ ಎರಡು ದಪ್ಪ ವೈರ್, ಸೆನ್ಸರಿಗೆ ಕೆಲವು ತೆಳು ವೈರ್. ಕನೆಕ್ಟರ್ ಹಾಕಿದ ಹಾಗೇ ಇಟ್ಟು ಹಿಂಬದಿಯಿಂದ ಸೂಜಿ ಪ್ರೋಬ್ ಚುಚ್ಚಿ. ಕಳಚಿ ಅಳೆಯಬೇಡಿ. ಬಹಳಷ್ಟು ಸೆನ್ಸರ್‌ಗಳು ತಾವಾಗಿ ವೋಲ್ಟೇಜ್ ಕೊಡುವುದಿಲ್ಲ, ಯೂನಿಟ್ ಕೊಟ್ಟ ವೋಲ್ಟೇಜನ್ನು ಕೆಳಗೆ ಎಳೆಯುತ್ತವೆ ಅಷ್ಟೇ. ಕಳಚಿದರೆ ಒಳ್ಳೆಯ ಸೆನ್ಸರ್ ಕೂಡ ಸತ್ತಂತೆ ಕಾಣುತ್ತದೆ. ಬಾಗಿಲನ್ನು ಕೈಯಲ್ಲಿ ತುಂಬ ನಿಧಾನ ಸರಿಸುತ್ತಾ ನೋಡಿ. ಎರಡೂ ಸಿಗ್ನಲ್ ಮೇಲೆ ಕೆಳಗೆ ಬದಲಾಗಬೇಕು. ಒಂದು ಮಾತ್ರ ಬದಲಾದರೆ ಯೂನಿಟ್ಟಿಗೆ ದಿಕ್ಕು ಗೊತ್ತಾಗುವುದಿಲ್ಲ, ಬಾಗಿಲನ್ನು ಸ್ವಲ್ಪ ಸರಿಸಿ ಕೈಬಿಡುತ್ತದೆ.

ಸಿಗ್ನಲ್ ಬಂದು ಬಂದು ಹೋಗುತ್ತಿದ್ದರೆ ವೈರ್ ಹಿಡಿದು ಅಲ್ಲಾಡಿಸಿ. ತುಂಡಾಗುವ ಜಾಗ ಎರಡು. ಬಾಡಿಯಿಂದ ಬಾಗಿಲಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಒಂದು. ಡ್ರೈವಿನಿಂದ ಕೇಬಲ್ ಹೊರಬರುವ ಬುಡದಲ್ಲಿ ಇನ್ನೊಂದು. ಡ್ರೈವ್ ಪ್ರತಿ ಸಲ ಓಲಾಡುವಾಗ ಆ ಬುಡವೂ ಬಾಗುತ್ತದೆ. ಹೊರಗಿನ ಹೊದಿಕೆ ಚೆನ್ನಾಗಿಯೇ ಇದ್ದು ಒಳಗಿನ ತಾಮ್ರ ಕಡಿದಿರುತ್ತದೆ. ಬೆರಳಲ್ಲಿ ಒತ್ತುತ್ತಾ ಹೋದರೆ ಕಡಿದ ಜಾಗದಲ್ಲಿ ವೈರ್ ಮೆತ್ತಗಾಗಿ ಸಿಗುತ್ತದೆ. ಜೋಡಿಸುವಾಗ ಬಾಗುವ ಜಾಗದಲ್ಲೇ ಬೆಸುಗೆ ಹಾಕಬೇಡಿ. ಬೆಸುಗೆಯ ಪಕ್ಕದಲ್ಲಿ ಮತ್ತೆ ಕಡಿಯುತ್ತದೆ. ಬಾಗದ ಕಡೆಗೆ ಜೋಡಣೆ ತನ್ನಿ.

ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯನ್ನೂ ಮರೆಯಬೇಡಿ. ಕೈ ಸಿಕ್ಕಿಕೊಂಡರೆ ತಿಳಿಯಲು ಅದರೊಳಗೆ ಎರಡು ವಾಹಕ ಪದರ, ಕೊನೆಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ. ಎಡ ಬಲ ಪಟ್ಟಿಗಳ ಓಮ್ ಒಂದೇ ಇರಬೇಕು. ಎಲ್ಲೋ ಚಚ್ಚಿಹೋಗಿ ಒಳಪದರ ಅಂಟಿಕೊಂಡಿದ್ದರೆ ಮುಚ್ಚಲು ಹೋದಾಗೆಲ್ಲ ಬಾಗಿಲು ವಾಪಸ್ ಏಳುತ್ತದೆ.

ಕರಾವಳಿಯ ಒಂದು ಗಾಡಿ

ಉಡುಪಿ ಕಡೆಯಿಂದ ಬಂದ ಒಂದು ಎಸ್‌ಯುವಿಗೆ ಎರಡೂ ಡ್ರೈವ್ ಬದಲಿಸಬೇಕೆಂದು ಬೇರೆಡೆ ಅಂದಾಜು ಕೊಟ್ಟಿದ್ದರು. ಬಾಗಿಲು ಗೇಣುದ್ದ ಎದ್ದು ನಿಲ್ಲುತ್ತಿತ್ತು. ಮೋಟಾರಿನ ಸದ್ದು ಎಡಗಡೆ ಕುಗ್ಗುತ್ತಿತ್ತು, ಬಲಗಡೆ ಸರಿಯಿತ್ತು. ತ್ರಾಸಿನಲ್ಲಿ ಭಾರ ಹೆಚ್ಚೇನೂ ಇರಲಿಲ್ಲ, ಘರ್ಷಣೆ ಮಾತ್ರ ಇರಬೇಕಾದದ್ದರ ಹತ್ತಿರ ಹತ್ತಿರ ಎರಡು ಪಟ್ಟು.

ಬಾಗಿಲಿಗೆ ಊರೆ ಕೊಟ್ಟು ಎಡಗಡೆಯ ಕೆಳಗಿನ ಸಾಕೆಟ್ ಕಳಚಿದೆವು. ಗುಂಡಿನ ಒಂದು ಪಕ್ಕ ಮಾತ್ರ ಕಂದು ಬಣ್ಣ, ಅಲ್ಲಿ ಬೆರಳಿಟ್ಟರೆ ಮರಳು ಕಾಗದದ ಹಾಗೆ ಒರಟು. ಇನ್ನೊಂದು ಪಕ್ಕ ಹೊಳೆಯುತ್ತಿತ್ತು. ಸಾಕೆಟ್ಟಿನೊಳಗಿನ ಗ್ರೀಸ್ ಕೆಂಪು ಹಿಟ್ಟಾಗಿತ್ತು. ಬಾಡಿಯ ಆ ಕಾಲುವೆಯಲ್ಲಿ ಮಳೆನೀರು ಇಳಿದು ಗುಂಡಿನ ಬುಡದಲ್ಲೇ ನಿಲ್ಲುತ್ತಿತ್ತು. ಉಪ್ಪಿನ ಗಾಳಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗುಂಡನ್ನು ಬಿಚ್ಚಿ ಹೊಸದು ಹಾಕಿ, ಸಾಕೆಟ್ ಒರೆಸಿ ಹೊಸ ಗ್ರೀಸ್ ತುಂಬಿ, ಕಾಲುವೆಯ ನೀರು ಹೋಗುವ ದಾರಿ ಬಿಡಿಸಿದೆವು. ಘರ್ಷಣೆ ಇಳಿಯಿತು, ಬಾಗಿಲು ಎದ್ದಿತು. ಮೋಟಾರ್ ಹಳೆಯದೇ.

ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಗುಂಡು ನೋಡುವುದನ್ನು ಮಳೆಗಾಲ ಮುಗಿದ ಮೇಲಿನ ಸರ್ವೀಸಿಗೆ ಸೇರಿಸಿಕೊಳ್ಳಿ. ಬಳ್ಳಾರಿ ಕಡೆಯವರಿಗೆ ಶತ್ರು ಕೆಂಧೂಳು. ಅಲ್ಲಿ ಕೊಳವೆಯ ಹೊರಮೈಗೆ ಗ್ರೀಸ್ ಬಳಿಯಲೇಬೇಡಿ. ಧೂಳು ಅಂಟಿ ಸೀಲನ್ನು ಅರೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸದ್ದು ಎಲ್ಲಿ ಬರುತ್ತದೆ ಎನ್ನುವುದು ಮುಖ್ಯ

ಸದ್ದು ಹೇಗಿದೆ ಎನ್ನುವುದಕ್ಕಿಂತ ಬಾಗಿಲು ಎಷ್ಟು ತೆರೆದಾಗ ಬರುತ್ತದೆ ಎನ್ನುವುದು ಹೆಚ್ಚು ಹೇಳುತ್ತದೆ. ಡ್ರೈವ್ ಮಡಚಿಕೊಂಡಿರುವಾಗ, ಅಂದರೆ ಬಾಗಿಲು ಮುಚ್ಚುವ ಹತ್ತಿರ, ಗರಗರ ಕೇಳಿದರೆ ಸ್ಪ್ರಿಂಗನ್ನು ಶಂಕಿಸಿ. ತೆಳ್ಳಗೆ ಉದ್ದವಿರುವ ಸ್ಪ್ರಿಂಗ್ ಒತ್ತಿದಾಗ ನೇರ ನಿಲ್ಲುವುದಿಲ್ಲ, ಪಕ್ಕಕ್ಕೆ ಉಬ್ಬಿ ಕೊಳವೆಗೆ ಉಜ್ಜುತ್ತದೆ. ಬಾಗಿಲು ಪೂರ್ತಿ ತೆರೆಯುವ ಹತ್ತಿರ ಕಿರ್ ಎಂದರೆ ಗೈಡ್ ಮತ್ತು ಗುಂಡು. ಆಗ ಎರಡು ಕೊಳವೆಗಳ ಹಿಡಿತ ಅತಿ ಕಡಿಮೆ ಇರುತ್ತದೆ. ಉದ್ದಕ್ಕೂ ಒಂದೇ ಲಯದಲ್ಲಿ ಟಿಕ್ ಟಿಕ್ ಎಂದರೆ ಗೇರಿನ ಹಲ್ಲು. ದಿಕ್ಕು ಬದಲಿಸುವಾಗ ಒಮ್ಮೆ ಟಕ್ ಎಂದರೆ ಗುಂಡಿನಲ್ಲಿ ಇಲ್ಲವೇ ಬ್ರಾಕೆಟ್ಟಿನಲ್ಲಿ ಆಟ (ಸಡಿಲ) ಬಂದಿದೆ.

ಬ್ರಾಕೆಟ್ ಆಟ ಹಿಡಿಯಲು ಬಾಗಿಲನ್ನು ಅರ್ಧದಲ್ಲಿ ನಿಲ್ಲಿಸಿ. ಒಬ್ಬರು ತುದಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಲಿ. ನೀವು ಹೆಬ್ಬೆರಳನ್ನು ಗುಂಡಿಗೂ ಬ್ರಾಕೆಟ್ಟಿಗೂ ತಾಗಿಸಿ ಇಟ್ಟುಕೊಳ್ಳಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ.

ಮೋಟಾರ್ ಬದುಕಿದೆಯೇ?

ಇದಕ್ಕೆ ಬ್ಯಾಟರಿ ಬೇಡದ ಒಂದು ಪರೀಕ್ಷೆ ಇದೆ. ಕನೆಕ್ಟರ್ ಪೂರ್ತಿ ಕಳಚಿ ಬಾಗಿಲನ್ನು ಕೈಯಲ್ಲಿ ಮೇಲೆ ಕೆಳಗೆ ಮಾಡಿ, ಎಷ್ಟು ಬಲ ಬೇಕು ಗಮನಿಸಿ. ಈಗ ಡ್ರೈವ್ ಕಡೆಯ ಎರಡು ಮೋಟಾರ್ ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ, ಮತ್ತೆ ಅದೇ ವೇಗದಲ್ಲಿ ಸರಿಸಿ. ಬಾಗಿಲು ಈಗ ಜೇನಿನಲ್ಲಿ ಚಲಿಸುತ್ತಿರುವಂತೆ ಮಂದವಾಗಬೇಕು. ಕೈಯಿಂದ ತಿರುಗಿದ ಮೋಟಾರ್ ಜನರೇಟರ್ ಆಗುತ್ತದೆ. ಕೂಡಿಸಿದ ವೈರಿನಲ್ಲಿ ಹರಿಯುವ ಕರೆಂಟ್ ಅದನ್ನೇ ತಡೆಯುತ್ತದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಬ್ರಶ್ ಇಲ್ಲವೇ ಸುರುಳಿ ಕಡಿದಿದೆ, ಅಥವಾ ಗೇರ್ ಮುರಿದು ಮೋಟಾರಿಗೂ ಸ್ಪಿಂಡಲ್ಲಿಗೂ ನಂಟು ತಪ್ಪಿದೆ. ಎಡ ಬಲ ಬೇರೆ ಬೇರೆ ಮಾಡಿ ಹೋಲಿಸಿ. ಮೋಟಾರಿಗೂ ಸ್ಪಿಂಡಲ್ಲಿಗೂ ನಡುವೆ ಜಾರುವ ಕ್ಲಚ್ ಇರುವ ಡ್ರೈವಿನಲ್ಲಿ ಜೋರಾಗಿ ತಳ್ಳಿದರೆ ಕ್ಲಚ್ ಜಾರಿ ವ್ಯತ್ಯಾಸ ಮುಚ್ಚಿಹೋಗುತ್ತದೆ, ಆದ್ದರಿಂದ ನಿಧಾನವೇ ಇರಲಿ. ಕೂಡಿಸುವ ವೈರ್ ಡ್ರೈವ್ ಕಡೆಗೇ ಇರಬೇಕು. ತಪ್ಪಿ ಗಾಡಿಯ ಕಡೆಯ ಪಿನ್ ಕೂಡಿಸಿದರೆ ಯೂನಿಟ್ಟೇ ಹೋದೀತು.

ಬಾಗಿಲು ಪೂರ್ತಿ ಇಳಿದು ಲಾಕಿನ ಬಾಯಲ್ಲಿ ನಿಂತು ಒಳಗೆ ಎಳೆದುಕೊಳ್ಳದಿದ್ದರೆ ಡ್ರೈವ್ ಮುಟ್ಟಲೇಬೇಡಿ. ಕೊನೆಯ ಕೆಲವು ಮಿ.ಮೀ. ಎಳೆಯುವುದು ಲಾಕಿನ ಒಳಗಿನ ಬೇರೆ ಮೋಟಾರ್. ಸ್ಟ್ರೈಕರ್ (ಲಾಕ್ ಹಿಡಿದುಕೊಳ್ಳುವ ಕೊಂಡಿ) ಜೋಡಣೆ, ರಬ್ಬರ್ ಬೀಡಿಂಗ್, ಲಾಕ್ ಸ್ವಿಚ್ ನೋಡಿ.

ಪಕ್ಕದ ಬಾಗಿಲಿನ ಡ್ರೈವ್

ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಬಾಗಿಲೂ ತಾನಾಗಿ ತೆರೆಯುತ್ತದೆ. ಅಲ್ಲಿಯೂ ಸ್ಪಿಂಡಲ್ ಡ್ರೈವ್ ಬಳಸುತ್ತಾರೆ, ಆದರೆ ಪೂರ್ತಿ ಬಾಗಿಲಿನ ಹೊಟ್ಟೆಯೊಳಗೆ. ಗಾಜು ಇಳಿಯುವ ದಾರಿ ಬಿಟ್ಟು, ಸ್ಪೀಕರ್ ಬಿಟ್ಟು ಉಳಿದ ಜಾಗ ತುಂಬ ಕಡಿಮೆ. ಹಾಗಾಗಿ ಡ್ರೈವನ್ನು ಬಾಲದ ತುದಿಯಲ್ಲಿ ಹಿಡಿಯದೆ ಗೇರಿನ ಸುತ್ತ, ನಡುವಿನಲ್ಲೇ ಪಿವಟ್ (ಅದು ಓಲಾಡುವ ಕೀಲು) ಕೊಡುವ ವಿನ್ಯಾಸಗಳಿವೆ. ಮೋಟಾರ್ ಪಿವಟ್ಟಿನ ಹಿಂದಕ್ಕೆ ಚಾಚಿರುತ್ತದೆ. ಎರಡು ಪಿವಟ್‌ಗಳ ನಡುವಿನ ಉದ್ದ ಕಡಿಮೆಯಾಯಿತು. ಬೆಲೆ ಏನೆಂದರೆ ಬಾಗಿಲು ತಿರುಗುವಾಗ ಮೋಟಾರ್ ಒಳಗೆ ಆಚೀಚೆ ಬೀಸುತ್ತದೆ. ಬಾಗಿಲ ಪ್ಯಾನೆಲ್ ತೆಗೆದು ಮತ್ತೆ ಹಾಕಿದ ಮೇಲೆ ಶುರುವಾದ ಸದ್ದಿಗೆ ಹೆಚ್ಚಾಗಿ ಕಾರಣ ಇದೇ. ಸ್ಪೀಕರ್ ವೈರೋ ಕ್ಲಿಪ್ಪೋ ಅದರ ದಾರಿಗೆ ಬಂದಿರುತ್ತದೆ.

ಪಕ್ಕದ ಬಾಗಿಲಿಗೆ ಸಮತಟ್ಟಿನಲ್ಲಿ ತೂಕ ಹೊರುವ ಕೆಲಸವಿಲ್ಲ, ಹಾಗಾಗಿ ದೊಡ್ಡ ಸ್ಪ್ರಿಂಗೂ ಬೇಡ. ಇಳಿಜಾರು ಬಂದರೆ ಕತೆ ಬೇರೆ. 35 ಕೆಜಿಯ ಬಾಗಿಲು, ತೂಕದ ಕೇಂದ್ರ ಅರ್ಧ ಮೀಟರ್ ದೂರ, 10 ಡಿಗ್ರಿ ಏರು: ಸುಮಾರು 30 ನ್ಯೂಟನ್ ಮೀಟರ್. ತೋಳು ಇಲ್ಲಿ ಬರೀ 50 ಮಿ.ಮೀ. ಇದ್ದರೆ ಡ್ರೈವ್ 600 ನ್ಯೂಟನ್ ತಡೆಯಬೇಕು. ಗಾಳಿ ಬೀಸಿದರೆ ಅದೂ ಸೇರಿತು.

ಇದೇ ಲೆಕ್ಕವನ್ನು ತಿರುಗಿಸಿದರೆ ಒಳ್ಳೆಯ ಪರೀಕ್ಷೆ ಸಿಗುತ್ತದೆ. ಬಾಗಿಲಿನ ತುದಿ ಹಿಂಜಿನಿಂದ 1 ಮೀಟರ್, ತೋಳು 50 ಮಿ.ಮೀ. ಪಿವಟ್ಟಿನಲ್ಲಿ ಅರ್ಧ ಮಿ.ಮೀ. ಆಟ ಬಂದರೆ ತುದಿಯಲ್ಲಿ ಅದು 10 ಮಿ.ಮೀ. ಬಾಗಿಲನ್ನು ನಡುವಿನಲ್ಲಿ ನಿಲ್ಲಿಸಿ ತುದಿಯನ್ನು ಒಂದು ಬೆರಳಿನಿಂದ ಆಚೀಚೆ ಮಾಡಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿಯಿರಿ. ಮೋಟಾರ್ ತಿರುಗುವ ಸದ್ದಿಲ್ಲದೆ ಎಷ್ಟು ಸರಿಯುತ್ತದೋ ಅದರ 20ರಲ್ಲಿ ಒಂದು ಭಾಗ ಪಿವಟ್ಟಿನ ಆಟ. ಪ್ಯಾನೆಲ್ ಬಿಚ್ಚದೆಯೇ ಅರ್ಧ ಕೆಲಸ ಮುಗಿಯಿತು. ಇಲ್ಲಿ ಆಟ ಜಾಸ್ತಿಯಾದರೆ ಬಾಗಿಲು ನಿಲ್ಲುವಾಗ ಎರಡು ಸಲ ಕುಲುಕುತ್ತದೆ, ಯೂನಿಟ್ ಆ ಕುಲುಕನ್ನು ಯಾರೋ ಕೈಯಿಂದ ತಳ್ಳಿದರು ಎಂದು ತಿಳಿದು ಮತ್ತೆ ಓಡಿಸಲೂಬಹುದು.

ಗಾಜಿನ ಪಕ್ಕದಿಂದ ಇಳಿಯುವ ಮಳೆನೀರು ಬಾಗಿಲಿನ ಹೊಟ್ಟೆಗೇ ಬೀಳುತ್ತದೆ, ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಆ ತೂತು ಕಟ್ಟಿದ್ದರೆ ಡ್ರೈವ್ ನೀರಿನ ಪಕ್ಕದಲ್ಲೇ ಬದುಕಬೇಕಾಗುತ್ತದೆ. ಕಡ್ಡಿ ಹಾಕಿ ಬಿಡಿಸಿ.

ಮತ್ತೆ ಜೋಡಿಸುವಾಗ

ಒಂದು ಕಡೆಯ ಡ್ರೈವ್ ಮಾತ್ರ ಬದಲಿಸಬೇಕಾದರೆ ಪಾರ್ಟ್ ನಂಬರ್ ಅದೇ ಇರಲಿ. ಉದ್ದ ಒಂದೇ ಕಂಡರೂ ಸ್ಪ್ರಿಂಗಿನ ಬಲ, ಸ್ಪಿಂಡಲ್ ಮರೆ ಬೇರೆ ಇರಬಹುದು, ಆಗ ಬಾಗಿಲು ತಿರುಚಿಕೊಂಡು ಏಳುತ್ತದೆ. ಕೆಲವು ಗಾಡಿಗಳಲ್ಲಿ ಮೋಟಾರ್ ಒಂದೇ ಕಡೆ, ಇನ್ನೊಂದು ಕಡೆ ಬರೀ ಸ್ಪ್ರಿಂಗ್. ಅಲ್ಲಿ ವೈರ್ ಇಲ್ಲದ ಕಡೆ ಕೆಟ್ಟಿದ್ದರೂ ದೂರು ಮೋಟಾರಿನ ಮೇಲೇ ಬರುತ್ತದೆ.

ಬ್ರಾಕೆಟ್ ಬೋಲ್ಟ್ ಬಿಗಿಯುವ ಮೊದಲು ಡ್ರೈವಿನ ಗೆರೆ ನೋಡಿ. ಸಾಕೆಟ್ ಗುಂಡಿನ ಮೇಲೆ ಎಲ್ಲಾ ಸ್ಥಿತಿಯಲ್ಲೂ ತಾಗದೆ ತಿರುಗಬೇಕು. ಗುಂಡಿನ ಬುಡಕ್ಕೆ ಸಾಕೆಟ್ಟಿನ ಅಂಚು ಬಡಿದರೆ ಎರಡು ತಿಂಗಳಲ್ಲಿ ಕಿತ್ತು ಬರುತ್ತದೆ. ಕ್ಲಿಪ್ ಕೂತ ಮೇಲೆ ಡ್ರೈವನ್ನು ಕೈಯಲ್ಲಿ ಜಗ್ಗಿ ನೋಡಿ.

ಬ್ಯಾಟರಿ ಕಳಚಿದ್ದರೆ ಯೂನಿಟ್ ಎಣಿಕೆ ಮರೆತಿರುತ್ತದೆ. ಬಹುತೇಕ ಗಾಡಿಗಳಲ್ಲಿ ಬಾಗಿಲನ್ನು ಕೈಯಲ್ಲಿ ಪೂರ್ತಿ ಮುಚ್ಚಿ ಲಾಕ್ ಕೂರಿಸಿದರೆ ಅದು ಸೊನ್ನೆಯಿಂದ ಶುರು ಮಾಡುತ್ತದೆ. ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ತೆರೆಯುವ ಎತ್ತರವನ್ನೂ ಮತ್ತೆ ಹೊಂದಿಸಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವ ಗಾಡಿ ಆದರೆ ಇದನ್ನು ಮಾಲೀಕರ ಎದುರಿಗೇ ಮಾಡಿ. ಮೊದಲ ಸಲ ಬಟನ್ ಒತ್ತುವಾಗ ಬಾಗಿಲಿನ ಮೇಲೆ ಪೈಪೋ ತೊಲೆಯೋ ಇಲ್ಲವೆಂದು ನೋಡಿಕೊಳ್ಳಿ. ಕೊನೆಗೆ ತ್ರಾಸು ಹಚ್ಚಿ ಎರಡು ಅಂಕಿ ಅಳೆದು, ದಿನಾಂಕದ ಜೊತೆ ಜಾಬ್ ಕಾರ್ಡಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಗಾಡಿ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ.